ಫ್ಲೋರಾ ಮೇಡಂ ಕಾಲೇಜಿನ ಕೊನೆಯ ಬ್ಯಾಚು

ಬೆಂಗಳೂರಿನ ಮಿಕ್ಕೆಲ್ಲ ಕಾಲೇಜುಗಳು ಬೀಗ ಹಾಕಿಕೊಂಡಿರುವ ಭಾನುವಾರದಂದು ರುದ್ರಮ್ಮನ ಕಾಲೇಜು ನಡೆಯುತ್ತಿತ್ತು. ಶನಿವಾರ ರಜೆ. ಶುಕ್ರವಾರ ಹೊತ್ತು ಇಳಿಯುವ ಮೊದಲೇ ಫ್ಲೋರಾ ಮೇಡಂ ಕೈಗಂಟೆ ಬಾರಿಸುತ್ತ ವರಾಂಡದಲ್ಲಿ ಓಡಾಡಿ, "ಹೋಗಿ, ಹೋಗಿ, ಮನೆಗೆ ಹೋಗಿ" ಎಂದು ಎಲ್ಲರನ್ನೂ ಅಟ್ಟಿಬಿಡುತ್ತಿದ್ದರು. ವಸಂತಪುರದ ಬಸ್ ಸ್ಟಾಪಿನಲ್ಲಿ ಇದೊಂದು ತಮಾಷೆಯಾಗಿತ್ತು. "ಯಾವ ಜನಾನಮ್ಮ ಅವ್ರು?" ಎಂದು ಕೇಳುವರು. "ಯೆಹೂದಿಗಳು" ಎಂದರೆ, "ಅಂದ್ರೆ ಸಾಬರಾ, ಕಿರಿಸ್ತಾನರಾ?" ಎನ್ನುವರು. ಎರಡೂ ಅಲ್ಲ ಎಂದರೆ ಆ ಉತ್ತರವನ್ನು ಯಾರೂ ಒಪ್ಪುತ್ತಿರಲಿಲ್ಲ. ಎರಡರಲ್ಲಿ ಒಂದಾಗಲೇಬೇಕಲ್ಲ!

ಜೆ.ಪಿ. ನಗರದ ಅಂಚಿನಲ್ಲಿ, ಸಾರಕ್ಕಿ ಕೆರೆಯ ಕಡೆ ಇಳಿಯುವ ರಸ್ತೆಯಲ್ಲಿ, ಹೆಂಚು ಹೊದಿಸಿದ ದೊಡ್ಡ ಬಂಗಲೆ. ಸುತ್ತ ಹಲಸು, ಸೀಬೆ, ನುಗ್ಗೆ ಮರಗಳು. ಫ್ಲೋರಾ ಮೇಡಂ ಅವರ ಗಂಡ ರೂಬೆನ್ ಸಾಹೇಬರು ಬೊಂಬಾಯಿ ಕಡೆಯವರು, ರೈಲ್ವೆಯಲ್ಲಿ ಇಂಜಿನಿಯರಾಗಿದ್ದವರು. ಅಲ್ಲೆಲ್ಲ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಆ ಜಾಗ ಕೊಂಡು, ಹೆಂಡತಿಯ ಹಠಕ್ಕೆ ಬಿದ್ದು ಕಾಲೇಜು ತೆರೆದರು. ಬಿ.ಎ. ಒಂದೇ. ಮೂರು ವರ್ಷದವರನ್ನೂ ಒಟ್ಟಿಗೆ ನಿಲ್ಲಿಸಿದರೆ ಒಂದು ಬಸ್ಸಿಗೆ ಸಾಲದು. ಯೆಹೂದಿ ಕಾಲೇಜು ಎಂದು ಹೆಸರಾದರೂ ಅಲ್ಲಿ ಯೆಹೂದಿಗಳು ಅಂತ ಇದ್ದವರು ಗಂಡಹೆಂಡತಿ ಇಬ್ಬರೇ. ಸಾಹೇಬರು ತೀರಿಕೊಂಡ ಮೇಲೆ ಫ್ಲೋರಾ ಮೇಡಂ ಒಬ್ಬರೇ.

ರುದ್ರಮ್ಮ ಅಲ್ಲಿಗೆ ಸೇರಿದ್ದೇ ಒಂದು ಲೋಟ ನೀರಿನಿಂದ. ಅವಳ ಅಪ್ಪ ಯಲ್ಲಯ್ಯ ಕಾರ್ಪೊರೇಷನ್ನಿನಲ್ಲಿ ರಸ್ತೆ ಕೂಲಿ. ಕಾಲೇಜಿನ ಮುಂದೆ ಡಾಂಬರು ಹಾಕುತ್ತಿದ್ದ ದಿನ ಬಾಯಾರಿ ಗೇಟಿನ ಹತ್ತಿರ ಹೋಗಿ ಬೊಗಸೆಯೊಡ್ಡಿದ. ಫ್ಲೋರಾ ಮೇಡಂ ಬೊಗಸೆಗೆ ಸುರಿಯಲಿಲ್ಲ; ಒಳಗೆ ಕರೆದು, ಕುರ್ಚಿಯ ಮೇಲೆ ಕೂರಿಸಿ, ಗಾಜಿನ ಲೋಟದಲ್ಲಿ ಕೊಟ್ಟರು. ಅವನು ಕುಡಿದಿಟ್ಟ ಲೋಟಕ್ಕೇ ಹೂಜಿಯಿಂದ ಬಗ್ಗಿಸಿಕೊಂಡು ತಾವೂ ಕುಡಿದರು. ಯಲ್ಲಯ್ಯ ಆ ಲೋಟವನ್ನೇ ನೋಡುತ್ತ, "ನನ್ ಮಗಳು ಪಿಯುಸಿ ಪಾಸು ಅಮ್ಮಾ" ಎಂದ. ಮುಂದಿನ ಭಾನುವಾರ ರುದ್ರಮ್ಮ ತರಗತಿಯಲ್ಲಿದ್ದಳು. ಫೀಸಿಗೆ ಬದಲಾಗಿ ಓದುವ ಕೋಣೆಯನ್ನು ಗುಡಿಸಿ, ಪುಸ್ತಕ ಜೋಡಿಸಿ, ಬೀಗದ ಕೈ ಇಟ್ಟುಕೊಳ್ಳುವ ಕೆಲಸ ಅವಳ ಪಾಲಿಗೆ ಬಂತು.

ಆ ಕಾಲೇಜಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿಯಿತ್ತು. ಪಾಠ ಕೇಳಿ ಬರೆದುಕೊಂಡು ಮನೆಗೆ ಹೋಗುವ ಹಾಗಿಲ್ಲ. ಇಬ್ಬಿಬ್ಬರು ಎದುರುಬದುರು ಕೂತು, ಒಂದೇ ಪುಟ ಮುಂದಿಟ್ಟುಕೊಂಡು ಜಗಳವಾಡಬೇಕು. ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲವೆನ್ನಬೇಕು. ಸಾಲದ್ದಕ್ಕೆ ಅರ್ಧ ದಾರಿಯಲ್ಲಿ ಮೇಡಂ ಬಂದು, "ಈಗ ಚೇಂಜ್. ನೀನು ಅವಳ ಮಾತು ಆಡು, ಅವಳು ನಿನ್ನ ಮಾತು ಆಡಲಿ" ಎನ್ನುವರು. ನಮ್ಮ ಹಿರಿಯರು ಓದಿದ್ದೇ ಹೀಗೆ, ದೇವರ ಜೊತೆಗೂ ಜಗಳ ಆಡಿಕೊಂಡೇ ಓದಿದರು ಎಂದು ಅವರು ಹೇಳುತ್ತಿದ್ದರು. ಇದಕ್ಕೆ ಹುಡುಗರು ಇಟ್ಟ ಹೆಸರು ಜೋಡಿ ಓದು.

ರುದ್ರಮ್ಮನ ಜೋಡಿ ಸರಸ್ವತಿ. ಇಬ್ಬರೂ ವಸಂತಪುರದವರು, ಒಂದೇ ಬಸ್ಸು, ಚರ್ಚೆ ಮಾಡಿಕೊಂಡು ಬರಬಹುದು ಎಂದು ಮೇಡಂ ಲೆಕ್ಕ ಹಾಕಿದ್ದರು. ವಸಂತಪುರದಲ್ಲಿ ಆ ಲೆಕ್ಕ ಏನಾಗುತ್ತದೆಂದು ಅವರಿಗೇನು ಗೊತ್ತು? ಸರಸ್ವತಿ ತಿಮ್ಮರಾಯಪ್ಪನವರ ಮಗಳು. ರುದ್ರಮ್ಮನ ಅವ್ವ ಸಪ್ಪಲಮ್ಮ ಮದುವೆಯಾಗಿ ಬಂದಂದಿನಿಂದ ಅವರ ಕೊಟ್ಟಿಗೆ ಬಾಚಿದವಳು. ಯಲ್ಲಯ್ಯ ಮನೆಯಲ್ಲಿ ಬುದ್ಧನ ಪಟ ಇಟ್ಟು, ಬಾಬಾಸಾಹೇಬರ ಫೋಟೋ ತೂಗುಹಾಕಿ, "ಇನ್ಮೇಲೆ ಬಾಚೋದು ಬ್ಯಾಡ" ಎಂದ ಮೇಲೆಯೇ ಬಿಟ್ಟವಳು. ಮೊದಲ ದಿನ ಸರಸ್ವತಿ "ನೀನು ಓದು" ಎಂದಳು. ರುದ್ರಮ್ಮನ ಬಾಯಿಂದ ತಾನಾಗಿಯೇ "ನೀವೇ ಓದಿ" ಎಂದು ಬಂತು. ಕನ್ನಡ ಅರೆಬರೆ ಬರುತ್ತಿದ್ದ ಮೇಡಮ್ಮಿಗೂ ಅಷ್ಟು ಕೇಳಿಸಿತು. "ನೋ. ಇಬ್ಬರೂ ನೀವು, ಇಲ್ಲಾ ಇಬ್ಬರೂ ನೀನು. ಮೇಜು ಒಂದು, ಮಾತೂ ಒಂದು."

ಅಂದು ಓದಲು ಕೊಟ್ಟಿದ್ದ ಸಮಸ್ಯೆ, ಒಬ್ಬನ ಎತ್ತು ಇನ್ನೊಬ್ಬ ತೋಡಿದ ಬಾವಿಗೆ ಬಿದ್ದು ಸತ್ತರೆ ತಪ್ಪು ಯಾರದು ಎಂಬುದು. ಎತ್ತನ್ನು ಕಟ್ಟಿಹಾಕದವನದು ಎಂದಳು ಸರಸ್ವತಿ. ಬಾವಿಗೆ ಕಟ್ಟೆ ಕಟ್ಟದವನದು ಎಂದಳು ರುದ್ರಮ್ಮ. ಮಾತು ಬೆಳೆಯಿತು. ಕೊನೆಗೆ ರುದ್ರಮ್ಮ ಮೇಜು ಗುದ್ದಿ, "ಎತ್ತು ಬಿದ್ರೆ ಇಷ್ಟು ಯೋಚ್ನೆ ಮಾಡ್ತೀಯಲ್ಲ, ನಿಮ್ಮ ಬಾವಿ ಹತ್ರ ನಮ್ಮವ್ವನ್ನ ಯಾಕೆ ಬಿಡ್ಲಿಲ್ಲ ನೀನು?" ಎಂದಳು. ಆ ನೀನು ಅವಳ ಬಾಯಿಂದ ಹೊರಬಿದ್ದ ಮೊದಲ ನೀನು. ಇಡೀ ಕೋಣೆ ತಿರುಗಿ ನೋಡಿತು. ಸರಸ್ವತಿಯ ಮುಖ ಕೆಂಪಾಯಿತು. ಆದರೆ ಅವಳು ಏಳಲಿಲ್ಲ. ಪುಟವನ್ನು ರುದ್ರಮ್ಮನ ಕಡೆ ತಳ್ಳಿ, "ಮುಂದಕ್ಕೆ ಓದು" ಎಂದಳು.

ಹೀಗೆ ಎರಡು ವರ್ಷ. ಮೇಜಿನ ಮೇಲೆ ನೀನು, ಬಸ್ಸಿನಲ್ಲಿ ನೀನು. ವಸಂತಪುರದ ಸ್ಟಾಪಿನಲ್ಲಿ ಇಳಿದ ಕೂಡಲೇ ಸರಸ್ವತಿ ಮುಂದೆ, ರುದ್ರಮ್ಮ ಹಿಂದೆ, ಮಾತಿಲ್ಲ. ಆ ದಾರಿಯ ಮೌನಕ್ಕೆ ರುದ್ರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಮರುದಿನ ಆ ಉರಿಯನ್ನೆಲ್ಲ ಮೇಜಿನ ಮೇಲೆ ತೀರಿಸುತ್ತಿದ್ದಳು. ಹಾಗೆ ತೀರಿಸಲು ಒಂದು ಮೇಜಿತ್ತು ಎನ್ನುವುದೇ ಅವಳಿಗೆ ಆ ಕಾಲೇಜು.

ಎಂಬತ್ತನಾಲ್ಕನೆಯ ಇಸವಿ, ಗೌರಿ ಹಬ್ಬ ಕಳೆದ ಮೇಲಿನ ಒಂದು ಭಾನುವಾರ. ಅವಳಿಗಾಗ ಕೊನೆಯ ವರ್ಷ. ಗೇಟು ದಾಟಿದರೆ ತೋಟದಲ್ಲಿ ಇಬ್ಬರು ಟೇಪು ಹಿಡಿದು ಅಳೆಯುತ್ತಿದ್ದರು. ಹಲಸಿನ ಮರದ ಬುಡಕ್ಕೆ ಸುಣ್ಣದ ಗೆರೆ ಬಿದ್ದಿತ್ತು. ಪಕ್ಕದಲ್ಲೇ ನಿಂತಿದ್ದ ಜೀಪು ಯಾರದೆಂದು ವಸಂತಪುರದ ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು.

ವರಾಂಡದಲ್ಲಿ ಶಾಮಣ್ಣ ಮೇಷ್ಟ್ರು ನಿಂತಿದ್ದರು. ಇತಿಹಾಸ, ತರ್ಕ ಎರಡನ್ನೂ ಅವರೇ ಹೇಳುತ್ತಿದ್ದವರು; ಬಡಕಲು ದೇಹ, ಸದಾ ಜೇಬಿನಲ್ಲಿ ಸುಣ್ಣದ ಡಬ್ಬಿ.

"ಏನು ಸಾರ್ ಇದು?"

"ಮಾರಿಬಿಟ್ರಂತೆ ಕಣಮ್ಮ. ತಿಮ್ಮರಾಯಪ್ಪನವರು ಇಂಜಿನಿಯರಿಂಗ್ ಕಾಲೇಜು ಮಾಡ್ತಾರಂತೆ. ಮುಂದಿನ ಸೋಮವಾರ ಗುದ್ದಲಿ ಪೂಜೆ, ಮಿನಿಸ್ಟ್ರು ಬರ್ತಾರಂತೆ. ಮೇಡಂ ಮಗನ ಹತ್ರ ಇಸ್ರೇಲಿಗೆ ಹೋಗ್ತಾರೆ."

"ನಾವು?"

ಮೇಷ್ಟ್ರು ಜೇಬಿನಿಂದ ಸುಣ್ಣದ ಡಬ್ಬಿ ತೆಗೆದು ಅದರ ಮುಚ್ಚಳ ತಿರುವತೊಡಗಿದರು.

ಆಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳ ಸುಗ್ಗಿ. ಜಮೀನನ್ನು ಸೈಟು ಮಾಡಿ ಮಾರಿದವರಿಗೆಲ್ಲ ಮುಂದೇನು ಎಂದರೆ ಕಾಲೇಜು. ಉತ್ತರದಿಂದ ಹುಡುಗರು ಡೊನೇಷನ್ ಹಿಡಿದು ರೈಲಿನಲ್ಲಿ ಬರುತ್ತಿದ್ದರು. ಇತಿಹಾಸ ಓದಲು ಯಾರು ಬರುತ್ತಾರೆ?

ರುದ್ರಮ್ಮ ಓದುವ ಕೋಣೆಗೆ ನುಗ್ಗಿದಳು. ಸರಸ್ವತಿ ಎಂದಿನ ಮೇಜಿನಲ್ಲಿ ಪುಸ್ತಕ ತೆರೆದು ಕೂತಿದ್ದಳು.

"ನಿಂಗೆ ಗೊತ್ತಿತ್ತಾ?"

ಸರಸ್ವತಿ ತಲೆಯೆತ್ತಲಿಲ್ಲ. "ಗೊತ್ತಿತ್ತು."

"ಯಾವಾಗಿಂದ?"

"ಆಷಾಢದಿಂದ."

"ಮೂರು ತಿಂಗಳು ನನ್ನೆದುರಿಗೆ ಕೂತ್ಕೊಂಡು..." ರುದ್ರಮ್ಮ ಕೈಗೆ ಸಿಕ್ಕ ಇಂಕಿನ ಶೀಸೆಯನ್ನು ಎತ್ತಿ ಗೋಡೆಗೆ ಅಪ್ಪಳಿಸಿದಳು. ನೀಲಿ ಚೆಲ್ಲಿ ಇಳಿಯಿತು. "ಒಂದು ಮಾತು ಹೇಳೋಕೆ ಏನು ರೋಗ ನಿಂಗೆ? ಎತ್ತು, ಬಾವಿ, ನ್ಯಾಯ ಅಂತ ಬಾಯಿ ಬಡ್ಕೊಂತಿದ್ಯಲ್ಲೇ!"

"ಹೇಳಿದ್ರೆ ನೀನು ಸುಮ್ನಿರ್ತಿರ್ಲಿಲ್ಲ. ನೀನು ಎದ್ದ ದಿನಾನೇ ನಮ್ಮಪ್ಪ ನನ್ನ ಮನೇಲಿ ಕೂರಿಸ್ತಿದ್ರು. ಹೇಳ್ದೆ ಇದ್ದಿದ್ದಕ್ಕೆ ಮೂರು ತಿಂಗಳು ಜಾಸ್ತಿ ಓದ್ಕೊಂಡೆ."

"ನಿನ್ನ ಮೂರು ತಿಂಗಳಿಗೆ ನಮ್ಮೆಲ್ಲರ ಡಿಗ್ರಿ. ಒಳ್ಳೇ ವ್ಯಾಪಾರ. ಅಪ್ಪನಿಗೆ ತಕ್ಕ ಮಗಳು."

ಸರಸ್ವತಿ ಪುಸ್ತಕ ಮುಚ್ಚಿ ಎದ್ದು ಹೋದಳು. ಸ್ವಲ್ಪ ಹೊತ್ತಿನಲ್ಲೇ ಜೀಪು ಹೊರಟ ಸದ್ದಾಯಿತು.

ಕೊನೆಯ ವರ್ಷದವರನ್ನು ಬೇರೆ ಕಾಲೇಜಿಗೆ ಸೇರಿಸಿ ಕೊಡುತ್ತೇನೆ ಎಂದು ತಿಮ್ಮರಾಯಪ್ಪ ಮೇಡಮ್ಮಿಗೆ ಬಾಯಿಮಾತಿನಲ್ಲಿ ಹೇಳಿದ್ದನಂತೆ. ಮರುದಿನವೇ ರುದ್ರಮ್ಮ ಜಯನಗರದ ಒಂದು ಕಾಲೇಜಿಗೆ ಹೋಗಿ ಕೇಳಿದಳು. ಆಫೀಸಿನವನು ಅವಳ ಅಂಕಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹಿಸ್ಟ್ರಿ ಸರಿ, ಈ ಲಾಜಿಕ್ಕು ನಮ್ಮಲ್ಲಿಲ್ಲ. ಬೇಕಾದ್ರೆ ಮೊದಲನೇ ವರ್ಷದಿಂದ ಸೇರ್ಕೊಳ್ಳಿ" ಎಂದ. ಬನಶಂಕರಿಯ ಇನ್ನೊಂದರಲ್ಲಿ ಅಷ್ಟೂ ಕೇಳಿಸಿಕೊಳ್ಳಲಿಲ್ಲ. ತಿಮ್ಮರಾಯಪ್ಪನ ಹೆಸರು ಹೇಳಿದರೆ, "ಯಾರು ಅವರು?" ಎಂದರು. ಅವನು ಯಾರಿಗೂ ಒಂದು ಮಾತೂ ಹೇಳಿರಲಿಲ್ಲ.

ಆ ವಾರವೆಲ್ಲ ರುದ್ರಮ್ಮ ಸಿಟ್ಟಿನಲ್ಲೇ ಓಡಾಡಿದಳು. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೂ. ತಿಮ್ಮರಾಯಪ್ಪನ ಮೇಲಿನದು ಹಳೆಯ ಸಿಟ್ಟು. ಅದು ಅವಳಿಗೆ ಬಳುವಳಿಯಾಗಿ ಬಂದದ್ದು, ಅದರ ತೂಕ ಅಭ್ಯಾಸವಾಗಿತ್ತು. ಹೊಸದಾಗಿ ಸುಡುತ್ತಿದ್ದದ್ದು ಸರಸ್ವತಿಯ ಮೇಲಿನದು, ಮೇಡಂ ಮೇಲಿನದು. ಗಾಜಿನ ಲೋಟದಲ್ಲಿ ನೀರು ಕೊಟ್ಟವರು ಯಾಕೆ ಹೀಗೆ ಮಾಡಬೇಕು? ಕೊಡದೇ ಇದ್ದವರಾದರೆ ಇಷ್ಟು ಉರಿಯುತ್ತಿರಲಿಲ್ಲ.

ಶುಕ್ರವಾರ ಗಂಟೆ ಬಾರಿಸಿದಾಗ ಅವಳು ಕೊನೆಯ ವರ್ಷದ ಹನ್ನೊಂದು ಜನರಲ್ಲಿ ಸರಸ್ವತಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ಹೇಳಿದಳು. "ನಾಳೆ ಶನಿವಾರ. ಯಾರೂ ಇರಲ್ಲ ಅಂತ ನಾಳೇನೇ ಸಾಮಾನು ತೆಗೀತಾರೆ. ಬೀಗದ ಕೈ ನನ್ನತ್ರ ಇದೆ. ನಾನು ಬಂದು ಒಳಗೆ ಕೂರ್ತೀನಿ. ಬರೋರು ಬನ್ನಿ."

ಏಳು ಜನ ಬಂದರು. ಬೇಗೂರಿನಿಂದ ಸೈಕಲ್ ತುಳಿದುಕೊಂಡು ಗೌರೀಶಂಕರ ಎಂಬ ಹುಡುಗನೂ ಬಂದ. ಅವನು ಎರಡು ವರ್ಷದಲ್ಲಿ ಎತ್ತರದ ದನಿಯಲ್ಲಿ ಮಾತಾಡಿದ್ದನ್ನೇ ಯಾರೂ ಕೇಳಿರಲಿಲ್ಲ. ಓದುವ ಕೋಣೆಯ ಬಾಗಿಲು ತೆರೆದು, ಒಳಗಿನಿಂದ ಚಿಲಕ ಹಾಕಿ, ಮೇಜು ಅಡ್ಡ ಇಟ್ಟು ಕೂತರು. ಊಹಿಸಿದಂತೆ ಒಂಬತ್ತಕ್ಕೆಲ್ಲ ಲಾರಿ ಬಂತು. ಕೂಲಿಯವರು ಕಿಟಕಿಯಲ್ಲಿ ಇಣುಕಿ, ಒಳಗೆ ಜನ ಇರುವುದನ್ನು ಕಂಡು ಬೀಡಿ ಹಚ್ಚಿಕೊಂಡು ಮರದ ಕೆಳಗೆ ಕೂತರು. ಆಮೇಲೆ ಜೀಪು ಬಂತು.

ತಿಮ್ಮರಾಯಪ್ಪ ಬಿಳಿ ಪಂಚೆ ಎತ್ತಿ ಕಟ್ಟಿ ಕಿಟಕಿಯ ಸರಳು ಹಿಡಿದು ನಿಂತ. "ಯಾರೇ ಅದು ಒಳಗೆ? ಯಲ್ಲಯ್ಯನ ಮಗಳಲ್ವಾ ನೀನು?"

"ಹೌದು."

"ನಮ್ಮೂರ ಹುಡ್ಗಿ ಆಗಿ ಊರ ಮರ್ಯಾದೆ ತೆಗೀತೀಯಲ್ಲಮ್ಮಿ. ಬಾ ಈಚೆ. ನಿಮ್ಮಪ್ಪನ್ನ ಕರೆಸ್ಲಾ?"

"ಕರೆಸಿ. ನಮ್ಮ ಡಿಗ್ರಿ ಮುಗಿಯೋವರ್ಗೂ ಪಾಠ ನಡೀಬೇಕು. ಆಮೇಲೆ ಏನಾದ್ರೂ ಕಟ್ಕೊಳ್ಳಿ."

"ಜಾಗ ನಂದು. ನಂದು ಅಂದ್ರೆ ಗೊತ್ತೇನೇ?"

"ಗೊತ್ತು. ಚಿಕ್ಕಂದಿನಿಂದ ಕೇಳ್ತಾ ಇದೀನಿ. ಬಾವಿ ನಂದು, ದಾರಿ ನಂದು, ನೆರಳು ನಂದು. ಓದ್ತಾ ಇರೋ ಪಾಠ ಹೆಂಗೆ ನಿಮ್ದಾಯ್ತು? ಅದನ್ನ ಹೇಳಿ."

ಅವನ ಕತ್ತಿನ ನರ ಉಬ್ಬಿತು. ಬಾಗಿಲು ಒಡೆಯಿರೋ ಎಂದ. ಕೂಲಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ರಸ್ತೆಯಲ್ಲಿ ನಾಲ್ಕಾರು ಜನ ನಿಂತರು. ಎದುರು ಮನೆಯ ರಿಟೈರ್ಡ್ ಅಂಕಲ್ ಒಬ್ಬರು ಕಾಂಪೌಂಡಿನ ಮೇಲಿಂದ, "ಏನ್ರೀ ಗಲಾಟೆ, ಹೆಣ್ಮಕ್ಕಳಿದಾರಲ್ರೀ ಒಳಗೆ" ಎಂದು ಕೂಗಿದರು. ಸೋಮವಾರ ಮಿನಿಸ್ಟ್ರು ಬರುವ ಜಾಗದಲ್ಲಿ ಶನಿವಾರ ಬಾಗಿಲು ಒಡೆದ ಸುದ್ದಿ ಆಗುವುದು ತಿಮ್ಮರಾಯಪ್ಪನಿಗೆ ಬೇಕಿರಲಿಲ್ಲ. ಯಲ್ಲಯ್ಯನನ್ನು ಕರೆತರಲು ಜೀಪು ಕಳಿಸಿದ.

ಯಲ್ಲಯ್ಯ ಜೀಪಿನಲ್ಲಿ ಬರಲಿಲ್ಲ. ಜೀಪು ಖಾಲಿ ಬಂದು ಎಷ್ಟೋ ಹೊತ್ತಾದ ಮೇಲೆ ಬಸ್ಸಿಳಿದು ನಡೆದು ಬಂದ. ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ. ರುದ್ರಮ್ಮ ಕಿಟಕಿಯ ಹತ್ತಿರ ಬಂದಳು. ಅಪ್ಪ ಆ ಮನುಷ್ಯನೆದುರು ಕೈಕಟ್ಟಿ ನಿಂತದ್ದನ್ನು ಅವಳು ಸಣ್ಣವಳಿದ್ದಾಗ ಕಂಡಿದ್ದಳು, ಮತ್ತೆ ಕಾಣಲು ಸಿದ್ಧಳಿರಲಿಲ್ಲ.

"ನೋಡಯ್ಯ ನಿನ್ ಮಗಳ ಅವತಾರ. ಬುದ್ಧಿ ಹೇಳು" ಎಂದ ತಿಮ್ಮರಾಯಪ್ಪ.

"ಬುದ್ಧಿ ಕಲೀಲಿ ಅಂತಾನೇ ಇಲ್ಲಿಗೆ ಸೇರಿಸಿದ್ದು ಯಜಮಾನ್ರೇ. ಕಲ್ತವಳೆ. ನಾನೇನು ಹೇಳ್ಲಿ?" ಎಂದು ಯಲ್ಲಯ್ಯ ಪಾತ್ರೆಯನ್ನು ಕಿಟಕಿಯೊಳಕ್ಕೆ ದಾಟಿಸಿದ. ಮುದ್ದೆ, ಹುರುಳಿಸಾರು. "ನಿಮ್ಮವ್ವ ಎಲ್ರಿಗೂ ಮಾಡವ್ಳೆ, ಹಂಚ್ಕಂಡು ತಿನ್ನಿ" ಎಂದವನೇ ಹೋಗಿ ಗೇಟಿಗೆ ಬೆನ್ನು ಕೊಟ್ಟು ಕೂತ.  

ಸಂಜೆಯಾಗುತ್ತಿದ್ದಂತೆ ಫ್ಲೋರಾ ಮೇಡಂ ಬಂದರು. ಶನಿವಾರ ಅವರ ಧರ್ಮದಲ್ಲಿ ವಿಶ್ರಾಂತಿಯ ದಿನ; ಸಂಜೆ ಚುಕ್ಕಿ ಮೂಡುವವರೆಗೆ ಅವರು ಗಾಡಿ ಹತ್ತುವುದಿಲ್ಲ, ದೀಪ ಹಾಕುವುದಿಲ್ಲ. ಸುದ್ದಿ ಕೇಳಿ ಜಯನಗರದ ಮನೆಯಿಂದ ನಡೆದೇ ಬಂದಿದ್ದರು. ಎಪ್ಪತ್ತು ದಾಟಿದ ಹೆಂಗಸು. ಸೀರೆಯ ಅಂಚೆಲ್ಲ ಧೂಳು, ಚಪ್ಪಲಿಯ ಪಟ್ಟಿ ಕಚ್ಚಿ ಹಿಮ್ಮಡಿಯಲ್ಲಿ ರಕ್ತ. ತಿಮ್ಮರಾಯಪ್ಪ ಕುರ್ಚಿ ತರಿಸಿ, "ಮೇಡಂ, ನೀವೊಂದ್ ಮಾತು ಹೇಳಿ, ಎದ್ದು ಹೋಗ್ತಾರೆ" ಎಂದ. ಅವರು ಕುರ್ಚಿಯನ್ನು ನೋಡಲಿಲ್ಲ. ಬಾಗಿಲು ತಟ್ಟಿದರು. ಗೌರೀಶಂಕರ ಮೇಜು ಸರಿಸಿದ.

ಒಳಗೆ ಕತ್ತಲಾಗುತ್ತಿತ್ತು. ಯಾರೋ ಸ್ವಿಚ್ಚಿಗೆ ಕೈಹಾಕಿದವರು, ಮೇಡಂ ಇದ್ದಾರೆಂದು ಕೈ ಹಿಂದಕ್ಕೆ ತೆಗೆದುಕೊಂಡರು. ಅವರು ಸರಸ್ವತಿಯ ಕುರ್ಚಿಯಲ್ಲಿ, ರುದ್ರಮ್ಮನ ಎದುರಿಗೇ ಕೂತರು. ಗೋಡೆಯ ನೀಲಿ ಕಲೆಯನ್ನು ನೋಡಿದರು.

"ಹೇಳು" ಎಂದರು.

"ಯಾಕೆ ಮಾರಿದ್ರಿ?"

"ಸಾಹೇಬರು ಹೋದಾಗ ಪ್ರಾರ್ಥನೆ ಮಾಡೋಕೆ ನಮ್ಮ ಜನ ಹತ್ತು ಗಂಡಸರು ಬೇಕು. ಇಲ್ಲಿ ಹತ್ತು ಜನ ಸಿಗಲಿಲ್ಲ ಮಗಳೇ. ಬಾಂಬೆಯಿಂದ ಟ್ರೇನಲ್ಲಿ ಬರೋವರೆಗೆ ಐಸ್ ಇಟ್ಟು ಕಾದೆ. ನಾನು ಹೋದರೆ ಯಾರು ಬರ್ತಾರೆ? ನನಗೆ ಭಯ ಆಯಿತು."

ಕೋಣೆಯಲ್ಲಿ ಯಾರೋ ಮೂಗು ಎಳೆದುಕೊಂಡರು.  ರುದ್ರಮ್ಮ ದನಿಯೇರಿಸಿದಳು.

"ನಿಮ್ಗೆ ಹತ್ತು ಜನ ಸಿಗ್ಲಿಲ್ಲ, ಒಪ್ಕೋತೀನಿ. ನಾವು ಹನ್ನೊಂದು ಜನ ಇಲ್ಲೇ ಇದ್ವಲ್ಲ? ನಮ್ಮನ್ನ ಒಂದ್ಸಲ ಕೂರಿಸ್ಕೊಂಡು ಹಿಂಗಾಗಿದೆ ಅಂತ ಹೇಳ್ಬಾರ್ದಿತ್ತಾ? ಎಲ್ಲಾದಕ್ಕೂ ಪ್ರಶ್ನೆ ಕೇಳಿ ಅಂತ ನಮ್ಗೆ ಹೇಳಿ, ನೀವು ಯಾರನ್ನ ಕೇಳಿದ್ರಿ?"

"ಕಟ್ಟಡ ಮಾರಿದೆ. ನಿಮ್ಮನ್ನ ಮಾರಿಲ್ಲ."

"ಕಟ್ಟಡದೊಳಗೆ ನಾವೇ ಅಲ್ವಾ ಮೇಡಂ ಇದ್ದದ್ದು! ಬೇರೆ ಯಾರಿಗೂ ಸಿಗ್ಲಿಲ್ವಾ ನಿಮ್ಗೆ ಮಾರೋಕೆ? ನಮ್ಮವ್ವನ ಕೈಲಿ ಸಗಣಿ ಬಾಚಿಸಿದೋನಿಗೇ ಸಿಕ್ಕಿದ್ದಾ?"

 ಮೇಡಂ ಇಂಗ್ಲಿಷಿನಲ್ಲಿ ಏನೋ ಹೇಳಹೊರಟು, ಬಿಟ್ಟು, ಕನ್ನಡದಲ್ಲೇ ಹೇಳಿದರು. "ಅದು ನನಗೆ ಗೊತ್ತಿರಲಿಲ್ಲ. ಅವನು ನಿಮ್ಮನ್ನ ಸೇರಿಸ್ತೀನಿ ಅಂದ, ನಾನು ನಂಬಿದೆ. ತಪ್ಪು ನನ್ನದು. ಇದಕ್ಕೆ ನನ್ನ ಹತ್ತಿರ ಆರ್ಗ್ಯುಮೆಂಟ್ ಇಲ್ಲ."

ತಪ್ಪೊಪ್ಪಿಕೊಂಡರೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ರುದ್ರಮ್ಮನಿಗೆ ಇಳಿಯಲಿಲ್ಲ. ಒಪ್ಪಿಕೊಂಡವರು ಹಡಗೋ ವಿಮಾನವೋ ಹತ್ತಿ ಹೋಗುತ್ತಾರೆ. ಅವಳು ವಸಂತಪುರದ ಬಸ್ಸನ್ನೇ ಹತ್ತಬೇಕು. ಆದರೆ ಮೇಡಂ ಒಂದು ಕೆಲಸ ಮಾಡಿದರು. ಹೊರಗೆ ಚುಕ್ಕಿ ಮೂಡಿದ ಮೇಲೆ ಎದ್ದು ತಾವೇ ದೀಪ ಹಾಕಿ, ಬಾಗಿಲಲ್ಲಿ ನಿಂತು, "ಮಿಸ್ಟರ್ ತಿಮ್ಮರಾಯಪ್ಪ, ಇವರು ಏಳೋವರೆಗೆ ನಾನೂ ಏಳಲ್ಲ. ಸೋಮವಾರ ನಿಮ್ಮ ಮಿನಿಸ್ಟರ್ ನನ್ನನ್ನೂ ನೋಡಲಿ" ಎಂದು ಒಳಗೆ ಬಂದು ಕೂತರು.

ಭಾನುವಾರ ಬೆಳಿಗ್ಗೆ ಸರಸ್ವತಿ ಬಂದಳು. ಜೀಪಿನಿಂದಿಳಿದು, ಗೇಟಿನಲ್ಲಿ ಕೂತಿದ್ದ ಯಲ್ಲಯ್ಯನನ್ನು ದಾಟುವಾಗ ತಲೆ ತಗ್ಗಿಸಿದಳು. ಅವಳ ಹಿಂದೆ ಶಾಮಣ್ಣ ಮೇಷ್ಟ್ರು.

"ಅಪ್ಪ ಕಳಿಸಿದಾರೆ. ಅವ್ರ ಮಾತು ನಾನು ಆಡ್ತೀನಿ" ಎಂದಳು.

"ಅಭ್ಯಾಸ ಇದ್ಯಲ್ಲ. ಆಡು" ಎಂದಳು ರುದ್ರಮ್ಮ. ಕೂರು ಎನ್ನಲಿಲ್ಲ. ಸರಸ್ವತಿ ತಾನೇ ಇನ್ನೊಂದು ಕುರ್ಚಿ ಎಳೆದುಕೊಂಡಳು.

"ಇವತ್ತು ಸಂಜೆಯೊಳಗೆ ಬಂಗಲೆ ಖಾಲಿ ಮಾಡ್ಬೇಕು. ಹಿಂದುಗಡೆ ಸೈಕಲ್ ಶೆಡ್ಡಿಗೆ ಗೋಡೆ ಹಾಕಿಸಿ ಕೊಡ್ತಾರೆ. ಪರೀಕ್ಷೆವರೆಗೂ ಅಲ್ಲಿ ಕೂತ್ಕೋಬಹುದು."

"ಪಾಠ ಯಾರು ಹೇಳ್ತಾರೆ?"

"ಮೇಷ್ಟ್ರು."

"ಸಂಬಳ?"

"ಅರ್ಧ ಕೊಡ್ತಾರಂತೆ."

"ಪೂರ್ತಿ. ಪುಸ್ತಕ ಒಂದೂ ಆಚೆ ಹೋಗಬಾರ್ದು, ಶೆಡ್ಡಿಗೆ ಬರಬೇಕು. ಪರೀಕ್ಷೆಗೆ ಈ ಕಾಲೇಜಿನ ಹೆಸರಲ್ಲೇ ಕಟ್ಟೋದು. ಮೊದಲನೇ, ಎರಡನೇ ವರ್ಷದವರ ಗತಿ ಏನು?"

"ಅದಕ್ಕೆ ಒಪ್ಪಲ್ಲ. ನಾನು ಕೇಳ್ದೆ. ಕೈ ಎತ್ತಿದ್ರು." ಸರಸ್ವತಿ ಕೆನ್ನೆಯನ್ನು ಮುಟ್ಟಿಕೊಳ್ಳಲಿಲ್ಲ, ಆದರೆ ಒಂದು ಕಡೆಯ ಕೆನ್ನೆ ಊದಿದ್ದು ಆಗ ಎಲ್ಲರಿಗೂ ಕಂಡಿತು. "ಅವರಿಗೆ ಮೊದಲನೇ ವರ್ಷಕ್ಕೆ ಬೇರೆ ಕಡೆ ಸೇರ್ಕೊಳ್ಳೋಕೆ ಫೀಸು ಕಟ್ತಾರೆ, ಅಷ್ಟೇ."

"ಸಾಲ್ದು."

"ಸಾಲ್ದು ಅಂತ ನಂಗೂ ಗೊತ್ತು. ಆದ್ರೆ ಇಷ್ಟು ಬಿಟ್ರೆ ನಾಳೆ ಪೊಲೀಸ್ನೋರು ಬರ್ತಾರೆ. ಮಿನಿಸ್ಟ್ರ ಪ್ರೋಗ್ರಾಮು ಒಂದು ವಾರ ಮುಂದಕ್ಕೆ ಹೋಗುತ್ತೆ, ನಿಮ್ಗೆ ಇದೂ ಸಿಗಲ್ಲ. ಅಪ್ಪನ ಕೋಪ ನಿಮಗಿಂತ ನಂಗೆ ಚೆನ್ನಾಗಿ ಗೊತ್ತು."

ಇಬ್ಬರೂ ಮಧ್ಯಾಹ್ನದವರೆಗೆ ಹೊಡೆದಾಡಿದರು. ಒಂದೊಂದು ಮಾತಿಗೂ ಸರಸ್ವತಿ ಜೀಪಿನವರೆಗೆ ಹೋಗಿ ಬಂದಳು. ಸಂಬಳ ಪೂರ್ತಿಯಾಯಿತು. ಪುಸ್ತಕ ಬಂತು. ಕಿರಿಯರ ವಿಷಯ ಅಲುಗಲಿಲ್ಲ. ಕೊನೆಗೆ ರುದ್ರಮ್ಮ ಒಪ್ಪಿದಳು. ಒಪ್ಪುವಾಗ, ಪಾಠವಿದೆಯೆಂದು ಬಂದು ಬಾಗಿಲಲ್ಲಿ ನಿಂತಿದ್ದ ಕಿರಿಯರ ಮುಖ ನೋಡಲಾಗದೆ ಕಿಟಕಿಯತ್ತ ತಿರುಗಿದಳು. ತನಗೆ ಬೇಕಾದ್ದು ಸಿಕ್ಕಿ ಅವರಿಗೆ ಸಿಗದೇ ಹೋದದ್ದನ್ನು ಅವಳು ಎಂದೂ ಗೆಲುವು ಎಂದು ಹೇಳಿಕೊಳ್ಳಲಿಲ್ಲ.

"ನೀನು ಶೆಡ್ಡಿಗೆ ಬರ್ತೀಯಾ?" ಎಂದು ಕೊನೆಗೆ ಕೇಳಿದಳು.

"ಇಲ್ಲ. ಮಾಘದಲ್ಲಿ ಮದ್ವೆ ಇಟ್ಕೊಂಡಿದಾರೆ. ಬಿಡದಿ ಕಡೆಯೋರು." ಸರಸ್ವತಿ ಎದ್ದು ನಿಂತಳು. "ಇನ್ನೂ ಬಯ್ಯೋದಿದ್ರೆ ಈಗ್ಲೇ ಬಯ್ದುಬಿಡು."

ರುದ್ರಮ್ಮ ಬಯ್ಯಲೂ ಇಲ್ಲ, ಹೋಗಬೇಡ ಎನ್ನಲೂ ಇಲ್ಲ. ಮೂರು ತಿಂಗಳ ಮೋಸ ಒಂದು ಕಡೆ, ಊದಿದ ಕೆನ್ನೆ ಒಂದು ಕಡೆ. ಒಂದರಿಂದ ಇನ್ನೊಂದನ್ನು ಕಳೆಯಲು ಅವಳಿಗೆ ಆಗಲಿಲ್ಲ.

ದಸರಾ ಮುಗಿದ ಮೇಲೆ ಫ್ಲೋರಾ ಮೇಡಂ ಹೊರಟುಹೋದರು. ಎಲ್ಲರೂ ಬೀಳ್ಕೊಡಲು ಹೋದರು, ರುದ್ರಮ್ಮ ಹೋಗಲಿಲ್ಲ. "ಹೋಗ್ಬೇಕಾಗಿತ್ತು, ನೀರು ಕೊಟ್ಟ ಕೈ ಅದು" ಎಂದ ಯಲ್ಲಯ್ಯ. "ಅದಕ್ಕೇ ಹೋಗ್ಲಿಲ್ಲ" ಎಂದಳು.

ಸೈಕಲ್ ಶೆಡ್ಡಿಗೆ ಗೋಡೆ ಬಂತು, ಕಿಟಕಿ ಬರಲಿಲ್ಲ. ಜಿಂಕ್ ಶೀಟಿನ ಕೆಳಗೆ ಮಧ್ಯಾಹ್ನ ತಲೆ ಕಾಯುತ್ತಿತ್ತು. ಮುಂದುಗಡೆ ಕಂಬಗಳು ಏಳುತ್ತಿದ್ದವು, ಕಾಂಕ್ರೀಟಿನ ಮಷೀನು ದಿನವಿಡೀ ಅರಚುತ್ತಿತ್ತು. ಶಾಮಣ್ಣ ಮೇಷ್ಟ್ರು ಅದರ ಮೇಲೆ ದನಿಯೆತ್ತಿ ಪಾಠ ಹೇಳಿ ಹೇಳಿ ಕೆಮ್ಮು ಹಚ್ಚಿಕೊಂಡರು. ತಿಮ್ಮರಾಯಪ್ಪ ಎರಡು ತಿಂಗಳು ಸಂಬಳ ಕೊಟ್ಟು ಮೂರನೆಯ ತಿಂಗಳು ನಿಲ್ಲಿಸಿದ. ರುದ್ರಮ್ಮ ಮೂವರನ್ನು ಕಟ್ಟಿಕೊಂಡು ಅವನ ಮನೆ ಜಗಲಿಯ ಮೇಲೆಯೇ ಹೋಗಿ ಕೂತಳು. ಅವಳ ಮನೆಯವರು ಯಾರೂ ಯಾವತ್ತೂ ಹತ್ತದಿದ್ದ ಜಗಲಿ. ಒಳಗಿನಿಂದ ಮುದುಕಿ ಲಕ್ಷ್ಮಮ್ಮ, ತಿಮ್ಮರಾಯಪ್ಪನ ತಾಯಿ, "ಅಯ್ಯಯ್ಯೋ, ಕೊಟ್ಟು ಕಳ್ಸೋ, ಇಳೀಲಿ ಮೊದ್ಲು" ಎಂದು ಬೊಬ್ಬೆ ಹಾಕಿದಳು. ಅಂದು ಸಂಬಳ ಬಂತು. ಮುಂದೆ ಒಂದನೆಯ ತಾರೀಖು ತಪ್ಪಲಿಲ್ಲ. ಜಗಲಿಯನ್ನು ಅವರು ತೊಳೆಸಿದರೆಂದು ಸಪ್ಪಲಮ್ಮ ಕೇಳಿ ಬಂದು ಹೇಳಿದಾಗ ರುದ್ರಮ್ಮ, "ತೊಳೀಲಿ. ನೀರು ಖರ್ಚಾಗೋದು ಅವ್ರದ್ದೇ" ಎಂದು ಪುಸ್ತಕ ತಿರುವಿಹಾಕಿದಳು, ಆ ಪುಟದ ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ.

ಹನ್ನೊಂದರಲ್ಲಿ ನಾಲ್ಕು ಜನ ಪರೀಕ್ಷೆ ಬರೆದರು. ನಾಲ್ವರೂ ಪಾಸಾದರು. ಗೌರೀಶಂಕರ ಮೊದಲ ದರ್ಜೆ, ರುದ್ರಮ್ಮನಿಗೆ ಸ್ವಲ್ಪದರಲ್ಲಿ ತಪ್ಪಿತು.

ಪರೀಕ್ಷೆಗೆ ಮೊದಲು ಒಮ್ಮೆ ಸರಸ್ವತಿ ತವರಿಗೆ ಬಂದವಳು ಬಸ್ ಸ್ಟಾಪಿನಲ್ಲಿ ಸಿಕ್ಕಿದ್ದಳು. ಖಾಸಗಿಯಾಗಿ ಕಟ್ಟಬೇಕೆಂದಿದ್ದೇನೆ, ನೋಟ್ಸು ಕೊಡುತ್ತೀಯಾ ಎಂದು ಕೇಳಿದಳು. ಎಲ್ಲರೆದುರಿಗೆ, ವಸಂತಪುರದ ಸ್ಟಾಪಿನಲ್ಲಿ, ಮೊದಲ ಸಲ. "ಕೊಡಲ್ಲ. ಕಾಲೋನಿಗೆ ಬಾ, ನಮ್ಮನೇಲಿ ಕೂತು ಓದು" ಎಂದಳು ರುದ್ರಮ್ಮ. ಸರಸ್ವತಿ ಹೂಂ ಎಂದಳು. ಬರಲಿಲ್ಲ. ಕಾದಳು ಎಂದು ಯಾರಾದರೂ ಹೇಳಿದ್ದರೆ ರುದ್ರಮ್ಮ ಜಗಳಕ್ಕೇ ಬರುತ್ತಿದ್ದಳು. ಆದರೆ ಆ ಎರಡು ಭಾನುವಾರ ಅವಳು ಮನೆಯಿಂದ ಹೊರಗೆ ಹೋಗಿರಲಿಲ್ಲ.

ರಿಸಲ್ಟು ಬಂದ ವಾರ ತಿಮ್ಮರಾಯಪ್ಪ ದಾರಿಯಲ್ಲಿ ಜೀಪು ನಿಲ್ಲಿಸಿದ. ಹೊಸ ಕಾಲೇಜಿಗೆ ಅಡ್ಮಿಷನ್ ಶುರುವಾಗಿತ್ತು. ಮುಖದಲ್ಲಿ ಕಳೆ. "ಪಾಸಾದೆಯಂತಲ್ಲಮ್ಮಿ. ಏನಾದ್ರೂ ಆಗ್ಲಿ ಗಟ್ಟಿಗಿತ್ತಿ ನೀನು. ಆಫೀಸಿಗೆ ಒಬ್ರು ಬೇಕು. ನಮ್ಮೂರ ಹುಡ್ಗಿ, ಬಾ ಸೇರ್ಕೋ. ಹಳೇದೆಲ್ಲ ಮರ್ತುಬಿಡಾಣ."

ಅವನು ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ. ಅದೇ ಅವಳಿಗೆ ತಡೆಯಲಾಗಲಿಲ್ಲ.

"ನೀವು ಮರೀಬಹುದು ಯಜಮಾನ್ರೇ, ನಿಮ್ಗೇನೂ ಹೋಗಿಲ್ಲ. ಎರಡನೇ ವರ್ಷದಲ್ಲಿದ್ದೋರು ಹದಿನೈದು ಜನ, ಅದರಲ್ಲಿ ಒಂಬತ್ತು ಜನ ಓದು ಬಿಟ್ರು. ಅವ್ರಲ್ಲಿ ಮೂವರು ನಿಮ್ಮ ಕಟ್ಟಡಕ್ಕೆ ಇಟ್ಟಿಗೆ ಹೊರ್ತಾ ಇದಾರೆ. ಅವ್ರನ್ನ ಕರೆದು ಕೇಳಿ ಮೊದ್ಲು, ಮರ್ತಿದಾರಾ ಅಂತ."

"ಸೊಕ್ಕು ಕಮ್ಮಿ ಆಗ್ಲಿಲ್ಲ ನಿಂಗೆ."

"ಇಲ್ಲ" ಎಂದಳು.

ಜೀಪು ಧೂಳೆಬ್ಬಿಸಿ ಹೋಯಿತು. ಜ್ಞಾನಭಾರತಿಗೆ ಎಂ.ಎ. ಅರ್ಜಿ ಕೊಡಲು ಅಂದೇ ಕೊನೆಯ ದಿನ. ಅವಳು ಬಾಯಿಗೆ ಬಂದ ಧೂಳನ್ನು ಉಗುಳಿ, ಸೆರಗಿನಿಂದ ಮುಖ ಒರೆಸಿಕೊಂಡು, ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಾಕಿದಳು. ಸ್ಟಾಪು ಅದಲ್ಲ ಎಂದು ಕಂಡಕ್ಟರ್ ಗೊಣಗಿದ. ಅವನೊಂದಿಗೂ ಜಗಳವಾಡುತ್ತಲೇ ಹತ್ತಿಕೊಂಡಳು.